ದನಗಳ ಜಾತ್ರೆ: ಹಳೆ ಮೈಸೂರು ಸೀಮೆಯ ವಾರ್ಷಿಕ ಕೃಷಿ ಪ್ರದರ್ಶನ

ದನಗಳ ಜಾತ್ರೆ ಎಂದರೆ ಸುಗ್ಗಿ ಮುಗಿದು ಉಗಾದಿ ಬರುವುದರೊಳಗೆ, ಒಂದು ದೇವಸ್ಥಾನದ ಅಥವಾ ಮಠದ ತೇರಿನ ಹಿಂದುಮುಂದಿನ ದಿನಗಳಲ್ಲಿ, ರೈತರು ಎತ್ತು, ಹೋರಿ, ಕರುಗಳನ್ನು ಒಂದೆಡೆ ತಂದು ಕಟ್ಟಿ, ತೋರಿಸಿ, ಕೊಂಡು ಮಾರುವ ವರ್ಷಕ್ಕೊಮ್ಮೆಯ ಕೂಟ. ಕರ್ನಾಟಕದ ಎಲ್ಲ ಕಡೆಯೂ ಇದು ಉಂಟು. ಆದರೆ ತುಮಕೂರು, ಮಂಡ್ಯ, ಮೈಸೂರು, ಹಾಸನ, ಕೋಲಾರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳಲ್ಲಿ, ಅಂದರೆ ಹಳ್ಳಿಕಾರ್ ತಳಿಯ ನೆಲದಲ್ಲಿ, ಅದು ಬೆಳೆದಷ್ಟು ದೊಡ್ಡದಾಗಿ ಬೇರೆಡೆ ಬೆಳೆದದ್ದು ಕಡಿಮೆ. ವಾರದ ಸಂತೆಯಲ್ಲೂ ದನಗಳ ವ್ಯಾಪಾರ ನಡೆಯುತ್ತದೆ. ಸಂತೆಗೆ ಬರುವುದು ಹಣದ ಅಡಚಣೆಯಿಂದ ಮಾರಲೇಬೇಕಾದ ದನ, ವಯಸ್ಸಾದ ದನ. ಜಾತ್ರೆಗೆ ಬರುವುದು ವರ್ಷವಿಡೀ ತಿನ್ನಿಸಿ, ಮೈತಿಕ್ಕಿ, ನಡಿಗೆ ಕಲಿಸಿ ಸಿದ್ಧಮಾಡಿದ ರಾಸು. ಮಾರದೆ ವಾಪಸು ಹೊಡೆದುಕೊಂಡು ಹೋಗುವವರೂ ಇದ್ದಾರೆ. ನಾಲ್ಕು ಜನ ನೋಡಿ ಮೆಚ್ಚಿದರೆ ಅವರಿಗೆ ಬಂದ ಕೆಲಸ ಆಯಿತು.

ಇಂಗ್ಲೆಂಡಿನಲ್ಲಿ 1838ರಲ್ಲಿ ಹುಟ್ಟಿದ ರಾಯಲ್ ಅಗ್ರಿಕಲ್ಚರಲ್ ಸೊಸೈಟಿ 1839ರಲ್ಲಿ ಆಕ್ಸ್‌ಫರ್ಡಿನಲ್ಲಿ ತನ್ನ ಮೊದಲ ಪ್ರದರ್ಶನ ನಡೆಸಿತು. ಅಲ್ಲಿ ಸಂಘ ಮೊದಲು, ಪ್ರದರ್ಶನ ಆಮೇಲೆ, ಜನ ಸೇರಿದ್ದು ಕೊನೆಗೆ. ಇಲ್ಲಿ ಕ್ರಮ ತಿರುಗುಮುರುಗು: ದೇವರ ತೇರಿಗೆ ಜನ ಮೊದಲು ಸೇರಿದರು, ಜನರ ಹಿಂದೆ ಗಾಡಿಯ ಎತ್ತುಗಳು ಬಂದವು, ಎತ್ತುಗಳ ಹಿಂದೆ ಕೊಳ್ಳುವವರು ಬಂದರು. ತೀರ್ಪುಗಾರರು, ಬಹುಮಾನ, ಸರ್ಕಾರದ ಮಳಿಗೆ ಇವೆಲ್ಲ ಸೇರಿಕೊಂಡದ್ದು ತೀರ ಈಚೆಗೆ. ಆದರೂ ಒಳ್ಳೆಯ ದನ ಯಾವುದು ಎಂಬುದನ್ನು ಊರವರೆಲ್ಲರ ಕಣ್ಣೆದುರು ತೀರ್ಮಾನಿಸುವ ಕೆಲಸ, ಯಾವ ಸಂಘವೂ ಇಲ್ಲದಾಗಲೇ, ಜಾತ್ರೆಯ ಮಾಳದಲ್ಲಿ ನಡೆಯುತ್ತಿತ್ತು. ಈ ದೃಷ್ಟಿಯಿಂದ ಇದನ್ನು ಮಾರುಕಟ್ಟೆಯೆಂದು ಮಾತ್ರ ಕಾಣುವುದು ತಪ್ಪಾಗುತ್ತದೆ.

ಜಾತ್ರೆಗಳ ಕಾಲವನ್ನು ಗೊತ್ತುಮಾಡಿದ್ದು ಪಂಚಾಂಗವೇ ಆದರೂ ಅದರ ಹಿಂದೆ ಹೊಲದ ಲೆಕ್ಕವಿದೆ. ಮಾರ್ಗಶಿರದ ಹೊತ್ತಿಗೆ ರಾಗಿ ಕಟಾವಾಗಿ ಮೆದೆ ಏಳುತ್ತದೆ, ಭತ್ತ ಕಣ ಸೇರುತ್ತದೆ. ಮನೆಯಲ್ಲಿ ಕಾಳು, ಹಿತ್ತಿಲಲ್ಲಿ ಹುಲ್ಲು, ಕೈಯಲ್ಲಿ ಅಷ್ಟಿಷ್ಟು ಕಾಸು. ಎತ್ತಿಗೆ ಉಳುವ ಕೆಲಸವಿಲ್ಲ. ಉಗಾದಿಗೆ ಹೊನ್ನಾರು ಹೂಡುವುದರೊಳಗೆ ಹಳೆಯ ಜೋಡಿ ಮಾರಿ ಹೊಸದನ್ನು ಕಟ್ಟಿಕೊಳ್ಳಬೇಕಾದವನಿಗೆ ಇರುವ ಬಿಡುವು ಈ ಮೂರು ನಾಲ್ಕು ತಿಂಗಳು ಮಾತ್ರ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಮಾರ್ಗಶಿರದ ಷಷ್ಠಿಗೆ ಸುಬ್ರಹ್ಮಣ್ಯನ ತೇರು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿಯಲ್ಲಿ ಪುಷ್ಯ ಶುದ್ಧ ಷಷ್ಠಿಗೆ ಅದೇ ದೇವರ ತೇರು. ಕಾವೇರಿ ದಂಡೆಯ ಚುಂಚನಕಟ್ಟೆಯಲ್ಲಿ ಸಂಕ್ರಾಂತಿ ಆಸುಪಾಸಿನಲ್ಲಿ ಶ್ರೀರಾಮನ ಜಾತ್ರೆ, ಕಪಿಲೆಯ ದಡದ ಸುತ್ತೂರಿನಲ್ಲಿ ಶಿವರಾತ್ರೀಶ್ವರರ ಜಾತ್ರೆ, ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ರಥಸಪ್ತಮಿ, ತಲಕಾಡಿಗೆ ಸಮೀಪದ ಮುಡುಕುತೊರೆಯಲ್ಲಿ ಮಲ್ಲಿಕಾರ್ಜುನನ ತೇರು. ಶಿವರಾತ್ರಿಗೆ ತುಮಕೂರಿನ ಸಿದ್ಧಗಂಗೆ ಮತ್ತು ಮುಳಬಾಗಿಲು ತಾಲ್ಲೂಕಿನ ಆವನಿ. ಬಿ.ಎಲ್. ರೈಸ್ 1877ರಲ್ಲಿ ಮೊದಲು ಹೊರತಂದು 1897ರಲ್ಲಿ ಪರಿಷ್ಕರಿಸಿದ ಮೈಸೂರು ಗೆಜೆಟಿಯರಿನಲ್ಲಿ ಜಿಲ್ಲೆವಾರು ಜಾತ್ರೆಗಳ ಪಟ್ಟಿಯಿದೆ. ನಂದಿಯ ತಪ್ಪಲಿನಲ್ಲಿ ಶಿವರಾತ್ರಿಗೆ ಸೇರುತ್ತಿದ್ದ ಜಾತ್ರೆ ಆ ಕಾಲದ ಹೆಸರಾಂತ ದನದ ಕೂಟಗಳಲ್ಲೊಂದು. ಬಹುಮಟ್ಟಿಗೆ ಒಂದರ ಮೇಲೊಂದು ಬೀಳದಂತೆ ಸಾಲಾಗಿ ಬರುವ ಈ ದಿನಗಳಿಂದಾಗಿ ವ್ಯಾಪಾರಸ್ಥರು ಘಾಟಿಯಲ್ಲಿ ಕೊಂಡದ್ದನ್ನು ಸಿದ್ಧಗಂಗೆಯಲ್ಲೋ ಆವನಿಯಲ್ಲೋ ಮಾರಬಹುದು.

ಜಾಗಗಳ ಆಯ್ಕೆಯೂ ಹಾಗೆಯೇ. ಸಾವಿರಾರು ದನಗಳಿಗೆ ದಿನಕ್ಕೆರಡು ಬಾರಿ ನೀರು ಕುಡಿಸಲು ಹೊಳೆ ಅಥವಾ ದೊಡ್ಡ ಕೆರೆ ಬೇಕು, ಬಿಸಿಲಿಗೆ ಮಾವಿನ ಅಥವಾ ಹುಣಸೆಯ ಗುಂಡುತೋಪು ಬೇಕು, ಕೊಯ್ಲಾದ ಬಯಲು ಬೇಕು. ಇವು ಮೂರೂ ಕೂಡಿಬಂದ ಊರುಗಳಲ್ಲೇ ಜಾತ್ರೆ ದೊಡ್ಡದಾಯಿತು.

ದನಗಳ ಗುಣಮಟ್ಟದ ಕಥೆ ಮಾತ್ರ ಅರಮನೆಯ ಕಡೆಯಿಂದ ಬಂದದ್ದು. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1672–1704) ರಾಜ್ಯದ ಹಸುಗಳ ಹಿಂಡುಗಳನ್ನು ಬೆಣ್ಣೆ ಚಾವಡಿ ಎಂಬ ಇಲಾಖೆಯಡಿ ತಂದು, ಅವುಗಳ ಮೇವಿಗೆ ಕಾವಲುಗಳನ್ನು ಬಿಡಿಸಿದರು. ಹೈದರಾಲಿ ಆ ಹಿಂಡನ್ನು ಯುದ್ಧಕ್ಕಾಗಿ ಬೆಳೆಸಿದ. ಫಿರಂಗಿ ಎಳೆಯುವ ಎತ್ತು ಅವನಿಗೆ ಬೇಕಿತ್ತು. ಚಿದಂಬರದ ನೆರವಿಗಾಗಿ ಅವನ ಸೇನೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂಬುದು ಗೆಜೆಟಿಯರ್ ದಾಖಲಿಸಿರುವ ಮಾತು. ಟಿಪ್ಪು ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟು ಅದಕ್ಕೆ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳು ಆ ಹಿಂಡಿನ ಮೂಲ. 1799ರ ನಂತರ ಹಿಂಡು ಸೊರಗಿ, 1813ರಲ್ಲಿ ಮದರಾಸು ಸೇನೆಯ ಕಮಿಸೇರಿಯಟ್‌ನ ಕ್ಯಾಪ್ಟನ್ ಹಾರ್ವೆಯ ಕೈಗೆ ಬಂದು ಚೇತರಿಸಿಕೊಂಡಿತು. 1860ರಲ್ಲಿ ಖರ್ಚು ಉಳಿಸಲೆಂದು ಇಡೀ ಹಿಂಡನ್ನೇ ಮಾರಿಬಿಟ್ಟರು. ನಾಡಿನ ದನಗಳ ಮಟ್ಟ ಕುಸಿಯುತ್ತಿದೆ ಎಂಬುದು ಕೆಲವೇ ವರ್ಷಗಳಲ್ಲಿ ಗೊತ್ತಾಗಿ, ಕಮಿಷನರ್ ಬೌರಿಂಗ್ ಕಾಲದಲ್ಲಿ, 1866ರಲ್ಲಿ, ಮತ್ತೆ ಹಿಂಡು ಕಟ್ಟಬೇಕಾಯಿತು. ಅಜ್ಜಂಪುರದ ತಳಿ ಕೇಂದ್ರ 1929ರದು. ಅಮೃತ ಮಹಲಿನ ಹೋರಿಗರುಗಳನ್ನು ಬೀರೂರಿನಲ್ಲಿ ಹರಾಜು ಹಾಕುವ ಪದ್ಧತಿಯೂ ಬೆಳೆದುಬಂತು. ಆ ಹರಾಜಿನಲ್ಲಿ ಕೂಗಿ ಕೊಳ್ಳುವವರು ಬಹುಪಾಲು ರೈತರು; ಎಳೆಯ ಹೋರಿಗಳನ್ನು ಪಳಗಿಸಿ ಉಳುಮೆಗೆ ಹೂಡುವ ಗಟ್ಟಿಗರು.

ಹಳ್ಳಿಕಾರ್ ಹಾಗಲ್ಲ, ಅದು ರೈತನ ಮನೆಯ ದನ. ಉದ್ದ ಮುಖ, ನಡುವೆ ಗೀರಿದಂಥ ಹಣೆ, ನೆತ್ತಿಯಿಂದ ಒಟ್ಟೊಟ್ಟಿಗೆ ಎದ್ದು ಹಿಂದಕ್ಕೆ ಬಾಗಿ ತುದಿಯಲ್ಲಿ ಮತ್ತೆ ಮುಂದೆ ನೋಡುವ ಕೊಂಬು, ಚಿಕ್ಕ ಗಂಗೆದೊಗಲು, ಬಿಗಿಯಾದ ಕಪ್ಪು ಗೊರಸು. ಹಾಲು ಕಡಿಮೆ, ಕರುವಿಗೆ ಸಾಕಾದರೆ ಹೆಚ್ಚು. ಓಟ, ನಡಿಗೆ, ತಾಳಿಕೆ ಇವೇ ಅದರ ಬೆಲೆ. ಈ ದನದ ಸುತ್ತ ಹುಟ್ಟಿಕೊಂಡ ವ್ಯವಹಾರವನ್ನು ಅರ್ಥಮಾಡಿಕೊಳ್ಳದೆ ಜಾತ್ರೆಯನ್ನು ಅರ್ಥಮಾಡಿಕೊಳ್ಳಲಾಗದು. ಹಸು ಸಾಕುವ ಒಬ್ಬ ರೈತ ಹೋರಿಗರುವನ್ನು ಮಾರುತ್ತಾನೆ. ಕೊಂಡವನು ಅದಕ್ಕೆ ಅಳತೆ, ಬಣ್ಣ, ಕೊಂಬು ಹೊಂದುವ ಇನ್ನೊಂದನ್ನು ಹುಡುಕಿ ಜೋಡಿ ಮಾಡುತ್ತಾನೆ. ವರ್ಷ ಸಾಕಿ, ಹಗುರ ಕೆಲಸಕ್ಕೆ ಕಟ್ಟಿ, ಮುಂದಿನ ಜಾತ್ರೆಯಲ್ಲಿ ಲಾಭಕ್ಕೆ ಮಾರಿ ಇನ್ನೂ ಎಳೆಯ ಜೋಡಿ ತರುತ್ತಾನೆ. ಹೀಗೆ ಎರಡು ಮೂರು ಕೈ ದಾಟಿ, ಪಳಗಿ, ಮೈತುಂಬಿದ ಎತ್ತು ಕೊನೆಗೆ ಬಳ್ಳಾರಿ, ರಾಯಚೂರು, ದಾವಣಗೆರೆಯ ಕಡೆಯವರಿಗೋ ಅನಂತಪುರ, ಚಿತ್ತೂರು, ಕೃಷ್ಣಗಿರಿ, ಧರ್ಮಪುರಿಯವರಿಗೋ ಸೇರುತ್ತದೆ. ಎರಡೆಕರೆ ಖುಷ್ಕಿಯವನಿಗೆ ಇದು ಬೆಳೆಯಷ್ಟೇ ನಂಬಿಕೆಯ ಆದಾಯವಾಗಿತ್ತು. ಅವನ ಎತ್ತು ಅವನಿಗೆ ಉಳುವ ಸಾಧನವೂ ಹೌದು, ವರ್ಷಕ್ಕೊಮ್ಮೆ ಕೈಗೆ ಬರುವ ಇಡುಗಂಟೂ ಹೌದು.

ಜಾತ್ರೆಯಲ್ಲಿ ದನ ನೋಡುವುದು ಬಾಯಿಯಿಂದ ಶುರು. ಹಾಲುಹಲ್ಲಿನದು, ಎರಡು ಹಲ್ಲಿನದು, ನಾಲ್ಕು, ಆರು, ಕೊನೆಗೆ ಬಾಯಿಗೂಡಿದ್ದು. ಎರಡು ಹಲ್ಲು ಸುಮಾರು ಎರಡು ವರ್ಷಕ್ಕೆ, ಬಾಯಿಗೂಡುವುದು ನಾಲ್ಕರ ಆಚೀಚೆ. ಕೆಳದವಡೆಯನ್ನು ಒಮ್ಮೆ ಬಿಡಿಸಿ ನೋಡಿದರೆ ಮಾರುವವನು ವಯಸ್ಸಿನಲ್ಲಿ ಮೋಸ ಮಾಡಲಾರ. ಆಮೇಲೆ ಹಿಂದೆ ನಿಂತು ಕಾಲಿನ ನೇರ, ಮುಂದೆ ನಿಂತು ಎದೆಯ ಅಗಲ, ಹಿಣಿಲು, ಬಾಲದ ಕುಚ್ಚು. ಸುಳಿ ನೋಡುವ ಶಾಸ್ತ್ರ ಬೇರೆ ಇದೆ: ಮೈಮೇಲಿನ ಕೂದಲ ಸುಳಿ ಎಲ್ಲಿ ಬಿದ್ದಿದೆ ಎಂಬುದರ ಮೇಲೆ ಮನೆಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುತ್ತಾರೆ. ಬೇರೆಲ್ಲ ಸರಿಯಿದ್ದ ಜೋಡಿ ಸುಳಿಯೊಂದರಿಂದ ಬೆಲೆ ಕಳೆದುಕೊಳ್ಳುವುದುಂಟು. ಎತ್ತಿನ ದುಡಿಮೆಗೂ ಸುಳಿಗೂ ಸಂಬಂಧವಿಲ್ಲವೆಂದು ಪಶುವೈದ್ಯರು ಎಷ್ಟು ಹೇಳಿದರೂ ಮಾಳದಲ್ಲಿ ಅದರ ಮಾತೇ ನಡೆಯುತ್ತದೆ.

ಬೆಲೆ ಕುದುರುವುದು ಬಾಯಿಮಾತಿನಲ್ಲಲ್ಲ, ಟವೆಲ್ಲಿನ ಕೆಳಗೆ. ದಲ್ಲಾಳಿ ಮಾರುವವನ ಕೈಯನ್ನು ಬಟ್ಟೆಯಡಿ ಹಿಡಿದು ಬೆರಳುಗಳನ್ನು ಒತ್ತಿ ಮೊತ್ತ ತಿಳಿಸುತ್ತಾನೆ; ಮತ್ತೆ ಕೊಳ್ಳುವವನ ಕೈ ಹಿಡಿಯುತ್ತಾನೆ. ಸುತ್ತ ಹತ್ತು ಜನ ನಿಂತಿದ್ದರೂ ಅಂಕಿ ಗುಟ್ಟಾಗಿ ಉಳಿಯುತ್ತದೆ. ಇದರಿಂದ ಒಂದು ಜೋಡಿಯ ಬೆಲೆ ಪಕ್ಕದ ಜೋಡಿಯ ಬೆಲೆಯನ್ನು ಕೆಡಿಸುವುದಿಲ್ಲ, ಕಡಿಮೆಗೆ ಕೊಟ್ಟವನಿಗೆ ನಾಲ್ಕು ಜನರೆದುರು ಮುಖಭಂಗವೂ ಇಲ್ಲ. ದಲ್ಲಾಳಿಗೆ ಎರಡೂ ಕಡೆಯ ಲೆಕ್ಕ ಗೊತ್ತಿರುವುದರಿಂದ ಮಧ್ಯದ ಅಂತರ ಅವನ ಜೇಬಿಗೆ ಇಳಿಯುವ ಅಪಾಯವಂತೂ ಇದ್ದೇ ಇದೆ. ವ್ಯಾಪಾರ ಕುದುರಿದ ಮೇಲೆ ಹಗ್ಗ ಕೈ ಬದಲಾಗುತ್ತದೆ, ರಸೀತಿ ಆಗುತ್ತದೆ. ಕದ್ದ ದನ ಕೈಸೇರದಂತೆ ಕಾಯುವ ಕಾಗದ ಅದು. ಜಾತ್ರೆ ನಡೆಸುವವರಿಗೆ ಸಲ್ಲುವ ಸುಂಕದ ಲೆಕ್ಕವೂ ಅದೇ.

ತೋರಿಕೆಯ ಭಾಗ ಇನ್ನೂ ಸೊಗಸು. ಹುರುಳಿ ನುಚ್ಚು, ಹತ್ತಿಬೀಜ, ಕಡಲೆಕಾಯಿ ಹಿಂಡಿ, ಬೆಣ್ಣೆ, ಮೊಟ್ಟೆ ತಿನ್ನಿಸಿ ಬೆಳೆಸಿದ ಹೋರಿಗಳಿಗೆ ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆ, ಕೊಂಬಿಗೆ ಕಳಸ, ಬೆನ್ನಿಗೆ ಜರಿಯ ಹೊದಿಕೆ. ತಮಟೆ, ವಾದ್ಯದೊಡನೆ ಊರೂರಿನಿಂದ ಮೆರವಣಿಗೆಯಲ್ಲಿ ಬರುತ್ತವೆ. ಅನುಕೂಲಸ್ಥರು ಮದುವೆಯ ಚಪ್ಪರದಂತೆ ಪೆಂಡಾಲು ಹಾಕಿ, ದೀಪ ಕಟ್ಟಿ, ನೆಲಕ್ಕೆ ಹುಲ್ಲು ಹಾಸಿ ಅಲ್ಲೇ ಬೀಡುಬಿಡುತ್ತಾರೆ. ಪಕ್ಕದಲ್ಲೇ ಕಲ್ಲಿನ ಒಲೆ ಹೂಡಿ ಮುದ್ದೆ, ಸಾರು ಆಗುತ್ತದೆ. ಮೂಗುದಾರ, ಕಣ್ಣಿ, ಬಾರುಕೋಲು, ಗಂಟೆ, ನೊಗ, ಕುಳ, ಕುಡುಗೋಲು ಮಾರುವವರ ಸಾಲು ಒಂದು ಕಡೆ. ಬಳೆ, ಕಡ್ಲೆಪುರಿ, ಬತ್ತಾಸು, ನಾಟಕದ ಟೆಂಟು ಇನ್ನೊಂದು ಕಡೆ.

ಇದಕ್ಕೆ ಪ್ರದರ್ಶನ ಎಂಬ ಹೊಸ ರೂಪ ಕೊಡುವ ಯತ್ನ ಸಂಸ್ಥಾನದ ಕಾಲದಲ್ಲಿ ಆರಂಭವಾಯಿತು. ಹತ್ತನೆಯ ಚಾಮರಾಜೇಂದ್ರ ಒಡೆಯರು 1888ರಲ್ಲಿ ಮೈಸೂರು ದಸರೆಗೆ ವಸ್ತುಪ್ರದರ್ಶನ ಸೇರಿಸಿದ್ದು ಕೃಷಿ ಮತ್ತು ಕೈಗಾರಿಕೆಯ ಉತ್ಪನ್ನಗಳನ್ನು ನಾಡಿನ ಜನರಿಗೆ ಕಾಣಿಸಲೆಂದು. 1899ರಲ್ಲಿ ರಾಜಪ್ರತಿನಿಧಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಪ್ರಯೋಗಕ್ಷೇತ್ರಕ್ಕೆ 30 ಎಕರೆ ಕೊಟ್ಟರು. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1911ರಲ್ಲಿ ಸೇರಿದ ಮೈಸೂರು ಆರ್ಥಿಕ ಸಮ್ಮೇಳನ ಕೃಷಿಗೆಂದೇ ಒಂದು ಸಮಿತಿ ನೇಮಿಸಿತು. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದಾಗ ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ತೆರೆಯಿತು. ಇಲಾಖೆಯವರಿಗೆ ಒಂದು ಸತ್ಯ ಬೇಗ ತಿಳಿಯಿತು: ರೈತನನ್ನು ಪಟ್ಟಣಕ್ಕೆ ಕರೆಸುವುದಕ್ಕಿಂತ ಅವನು ಹೇಗೂ ಬರುವ ಜಾತ್ರೆಗೆ ತಾವೇ ಹೋಗುವುದು ಮೇಲು. ಹೀಗೆ ತೇರಿನ ಬೀದಿಯ ಪಕ್ಕದಲ್ಲಿ ಕಬ್ಬಿಣದ ನೇಗಿಲು, ಗೊಬ್ಬರ, ಬಿತ್ತನೆ ಬೀಜದ ಮಳಿಗೆಗಳು ಕಾಣಿಸಿಕೊಂಡವು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರ (1907–2019) ಆಸ್ಥೆಯಿಂದ ಬೆಳೆದ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ಈ ಬಗೆಯ ಕೂಡಿಕೆಗೆ ಒಳ್ಳೆಯ ಮಾದರಿ. ಬಂದವರಿಗೆಲ್ಲ ದಾಸೋಹ, ಹಗಲು ದನ, ಸಂಜೆ ಪ್ರದರ್ಶನ. ಸುತ್ತೂರಿನಲ್ಲೂ ಕೃಷಿಮೇಳ, ದನಗಳ ಪರಿಷೆ, ಕುಸ್ತಿ, ಸಾಮೂಹಿಕ ವಿವಾಹ ಒಂದೇ ವಾರದೊಳಗೆ ಬರುತ್ತವೆ. ಬಹುಮಾನದ ವರ್ಗಗಳನ್ನು ಮಾತ್ರ ಯಾರೂ ಹೊಸದಾಗಿ ಕಂಡುಹಿಡಿಯಬೇಕಾಗಲಿಲ್ಲ. ರೈತರು ಬೆಲೆ ಕಟ್ಟುತ್ತಿದ್ದ ಹಲ್ಲಿನ ಲೆಕ್ಕವೇ ತೀರ್ಪುಗಾರರ ಪಟ್ಟಿಯೂ ಆಯಿತು.

ಸಾವಿರಾರು ದನ ಒಂದೆಡೆ ಸೇರಿದರೆ ರೋಗವೂ ಸೇರುತ್ತದೆ. ದೊಡ್ಡರೋಗ (ರಿಂಡರ್‌ಪೆಸ್ಟ್) ಒಮ್ಮೆ ಜಾತ್ರೆಗೆ ಹೊಕ್ಕರೆ ಮನೆಗೆ ಮರಳುವ ಪ್ರತಿ ಜೋಡಿಯೂ ಅದನ್ನು ಒಂದೊಂದು ಊರಿಗೆ ಒಯ್ಯುತ್ತಿತ್ತು. ಅದರ ವಿರುದ್ಧ ಸೀರಂ ತಯಾರಿಸಲೆಂದೇ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ಇಂದು ಅದು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. ಭಾರತದಲ್ಲಿ ದೊಡ್ಡರೋಗದ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ, ಜಗತ್ತಿನಿಂದಲೇ ಅದು ತೊಲಗಿತೆಂದು ಘೋಷಣೆಯಾದದ್ದು 2011ರಲ್ಲಿ. ಮನುಷ್ಯ ಬೇರುಸಹಿತ ಕಿತ್ತ ಎರಡನೆಯ ರೋಗ ಅದು, ಸಿಡುಬಿನ ನಂತರ. ಕಾಲುಬಾಯಿ ಜ್ವರ ಹಾಗೆ ಹೋಗಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ದನಗಳ ಜಾತ್ರೆಗಳಿಗೆ ತಡೆ ಬಿತ್ತು. ಕೋವಿಡ್ ಕಾಲದ ತಡೆ ಮುಗಿದು ಉಸಿರು ಬಿಡುವಷ್ಟರಲ್ಲಿ ಬಂದ ಈ ಎರಡನೆಯ ಪೆಟ್ಟು, ಜಾತ್ರೆಯನ್ನೇ ನಂಬಿ ಜೋಡಿ ಸಾಕಿದ್ದವರಿಗೆ ಬಹಳ ನೋವು ಕೊಟ್ಟಿತು.

ಉತ್ತರ ಕರ್ನಾಟಕದ ಚಿತ್ರ ತುಸು ಬೇರೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಸಂಕ್ರಾಂತಿಯಲ್ಲಿ ತೊರವಿ ಬಯಲಿನಲ್ಲಿ ಖಿಲಾರಿ ಎತ್ತುಗಳು ಸೇರುತ್ತವೆ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನಿಗೆ ಭರತ ಹುಣ್ಣಿಮೆ. ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ಶಿವರಾತ್ರಿ. ಎರೆಭೂಮಿಗೆ ಹೊಂದುವ ಭಾರಿ ಮೈಕಟ್ಟಿನ ಕೃಷ್ಣಾ ಕಣಿವೆ ತಳಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದವರು ಸಾಂಗಲಿ ಮುಂತಾದ ದಕ್ಷಿಣ ಮರಾಠ ಸಂಸ್ಥಾನಗಳ ಅರಸರು.

ವಿಶ್ವವಿದ್ಯಾಲಯಗಳ ಕೃಷಿಮೇಳ ಈ ಪರಂಪರೆಯ ಎರಡನೆಯ ಕವಲು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ, ಧಾರವಾಡದ್ದು 1986ರಲ್ಲಿ ಆರಂಭವಾದವು. ಬೆಂಗಳೂರಿನವರ ಜಿಕೆವಿಕೆ ಆವರಣದ ಮೇಳ ಸಾಮಾನ್ಯವಾಗಿ ನವೆಂಬರಿನಲ್ಲಿ; ಆಗ ಪ್ರಾತ್ಯಕ್ಷಿಕೆ ತಾಕುಗಳಲ್ಲಿ ರಾಗಿ ತೆನೆಗಟ್ಟಿ ನಿಂತಿರುತ್ತದೆ, ತಳಿಯನ್ನು ಕಣ್ಣಾರೆ ಕಂಡು ಹೋಲಿಸಬಹುದು. ಧಾರವಾಡದವರು ಸೆಪ್ಟೆಂಬರಿಗೆ ಇಟ್ಟುಕೊಂಡದ್ದು ಹಿಂಗಾರಿಗೆ ಮುಂಚೆ ಜೋಳ, ಕಡಲೆ, ಕುಸುಬೆ, ಗೋಧಿಯ ಬೀಜ ರೈತರ ಕೈಸೇರಲಿ ಎಂದು. ಮೇಳದಲ್ಲಿ ತಿಳಿದವರು ಹೇಳುತ್ತಾರೆ, ರೈತ ಕೇಳುತ್ತಾನೆ. ಜಾತ್ರೆಯಲ್ಲಿ ರೈತನೇ ತೋರಿಸುತ್ತಾನೆ, ರೈತನೇ ತೂಗುತ್ತಾನೆ. ಎರಡೂ ಬೇಕು. ಆದರೆ ಮೇಳ ಬಂದ ಮೇಲೆ ಜಾತ್ರೆ ಹಳೆಯದಾಯಿತೆಂದು ಬಗೆದದ್ದು ನಮ್ಮ ಕೃಷಿ ಆಡಳಿತದ ದೊಡ್ಡ ಕುರುಡುತನ.

ಜಾತ್ರೆಗಳು ಕ್ಷೀಣಿಸಲು ಟ್ರಾಕ್ಟರನ್ನೇ ಕಾರಣವಾಗಿ ಹೇಳುವುದು ವಾಡಿಕೆ. ಅದು ಅರ್ಧ ಮಾತ್ರ. ಉಳುಮೆಯನ್ನು, ಸಾಗಣೆಯನ್ನು ಟ್ರಾಕ್ಟರು ಕಿತ್ತುಕೊಂಡರೂ ರಾಗಿ ಸಾಲಿನ ನಡುವೆ ಕುಂಟೆ ಹೊಡೆಯಲು, ಅಕ್ಕಡಿ ಬೆಳೆಯ ಹೊಲದಲ್ಲಿ ಕೂರಿಗೆ ಎಳೆಯಲು ಎತ್ತಿಗೆ ಸಾಟಿಯಿಲ್ಲ. ಇನ್ನರ್ಧ ಕಾರಣ ಕೊಟ್ಟಿಗೆಯಲ್ಲಿದೆ. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು 1939ರಲ್ಲಿ ಮೈಸೂರು ಅರಮನೆಯ ಡೇರಿ ಫಾರಂನಲ್ಲಿ, ಸಂಪತ್ ಕುಮಾರನ್ ಅವರ ಕೈಯಲ್ಲಿ. ಬೀಜ ಹೊಲ್‌ಸ್ಟೀನ್ ಫ್ರೀಸಿಯನ್, ಹಸು ಹಳ್ಳಿಕಾರ್. 1970ರ ದಶಕದಿಂದ ಹಾಲು ಸಹಕಾರ ಸಂಘಗಳು ಹಳ್ಳಿ ಹಳ್ಳಿಗೆ ಬಂದಾಗ ಆ ಪ್ರಯೋಗ ಮನೆಮಾತಾಯಿತು. ಬೆಳಿಗ್ಗೆ ಸಂಜೆ ಹಾಲಿನ ಡೇರಿಗೆ ಹತ್ತು ಲೀಟರು ಹಾಕುವ ಮಿಶ್ರತಳಿ ಹಸುವಿನ ಮುಂದೆ ನಾಟಿ ಹಸು ನಿಲ್ಲಲಿಲ್ಲ. ಆ ಹಾಲಿನ ಹಣ ಹಳ್ಳಿಯ ಹೆಂಗಸರ ಕೈಗೆ ಮೊದಲ ಬಾರಿಗೆ ವಾರವಾರದ ಆದಾಯ ತಂದಿತು ಎಂಬುದನ್ನು ಮರೆಯುವಂತಿಲ್ಲ. ಆದರೆ ನಾಟಿ ಹಸು ಹೋದಲ್ಲಿ ಹೋರಿಗರು ಹುಟ್ಟುವುದಿಲ್ಲ. 2012ರ ಜಾನುವಾರು ಗಣತಿಯಲ್ಲಿ ರಾಜ್ಯದಲ್ಲಿ ಸುಮಾರು 95 ಲಕ್ಷವಿದ್ದ ದನಗಳ ಸಂಖ್ಯೆ 2019ಕ್ಕೆ 85 ಲಕ್ಷದ ಆಸುಪಾಸಿಗೆ ಇಳಿಯಿತು. ಮೇವಿನ ಕಾವಲುಗಳೂ ಕರಗಿದವು. ಚಳ್ಳಕೆರೆಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಹಂಚಿಕೆಯಾಯಿತು.

ಕಾನೂನುಗಳೂ ವ್ಯಾಪಾರದ ದಾರಿ ಬದಲಿಸಿದವು. ಜಾನುವಾರು ಮಾರುಕಟ್ಟೆ ಕುರಿತ 2017ರ ಕೇಂದ್ರ ನಿಯಮಗಳು ನ್ಯಾಯಾಲಯದಲ್ಲಿ ತಡೆಗೊಂಡವು. ರಾಜ್ಯದ 2020ರ ಗೋಹತ್ಯೆ ನಿಷೇಧ ಮತ್ತು ಸಂರಕ್ಷಣಾ ಕಾಯ್ದೆ 2021ರಿಂದ ಜಾರಿಗೆ ಬಂದ ಮೇಲೆ ದನ ಸಾಗಿಸುವವರಿಗೆ ದಾಖಲೆಪತ್ರದ ಚಿಂತೆ ಹೆಚ್ಚಿತು. ಹೊರರಾಜ್ಯದಿಂದ ಲಾರಿ ತರುವವನು ಎರಡು ಬಾರಿ ಯೋಚಿಸುವಂತಾಯಿತು. ಇನ್ನೊಂದೆಡೆ, 2014ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ್ದ ಎತ್ತಿನಗಾಡಿ ಓಟಕ್ಕೆ 2017ರ ರಾಜ್ಯ ತಿದ್ದುಪಡಿ ದಾರಿ ಮಾಡಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಓಟದ ಹೋರಿಗೆ, ಪ್ರದರ್ಶನದ ಹೋರಿಗೆ ಬೇಡಿಕೆ ಏರಿ, ಹೆಸರು ಮಾಡಿದ ಹಳ್ಳಿಕಾರ್ ಜೋಡಿಗಳ ಬೆಲೆ ಲಕ್ಷಗಳ ಲೆಕ್ಕಕ್ಕೆ ಮುಟ್ಟಿದೆ. ಪಟ್ಟಣದಲ್ಲಿ ದುಡಿಯುವ ತರುಣರು ಊರಲ್ಲಿ ಹೋರಿ ಕಟ್ಟಿ ಘಾಟಿಗೆ ಮೆರವಣಿಗೆಯಲ್ಲಿ ತರುವುದು ಈಚಿನ ಬೆಳವಣಿಗೆ. ಮಾಳದಲ್ಲಿ ದನ ಕಡಿಮೆ, ಪೆಂಡಾಲು ಹೆಚ್ಚು ಎಂದು ಹಿರಿಯರು ಗೊಣಗುವುದರಲ್ಲಿ ಹುರುಳಿದೆ.

ಈ ಮೆರುಗಿನಲ್ಲಿ ಕಾಣದೆ ಹೋಗುವವಳು ಹಸು. ಜಾತ್ರೆಯ ಇತಿಹಾಸದುದ್ದಕ್ಕೂ ಗೊಂಡೆ, ಗೆಜ್ಜೆ, ಬಹುಮಾನ, ಮೆರವಣಿಗೆ ಎಲ್ಲವೂ ಹೋರಿ, ಎತ್ತುಗಳ ಪಾಲು. ಎತ್ತು ಮಾರಾಟದ ಸರಕು, ಹಸು ಮನೆಯ ಆಸ್ತಿ. ಹಾಗಾಗಿ ಹಸು ಮಾಳಕ್ಕೆ ಬರುತ್ತಿದ್ದುದೇ ಅಪರೂಪ. ಹಳ್ಳಿಗಳಲ್ಲಿ ನಾಟಿ ಹಸು ತುಂಬಿದ್ದ ಕಾಲಕ್ಕೆ ಇದರಿಂದ ನಷ್ಟವಿರಲಿಲ್ಲ. ದೇವರ ಹೆಸರಿಗೆ ಬಿಟ್ಟ ಬಸವ ಊರಿನ ಹಸುಗಳಿಗೆಲ್ಲ ಗೂಳಿಯಾಗಿ ನಡೆದುಹೋಗುತ್ತಿತ್ತು. ಈಗ ಒಂದು ಹೋರಿಗೆ ಲಕ್ಷಗಳನ್ನು ಸುರಿಯುವವರು ಇದ್ದಾರೆ, ಅದನ್ನು ಈದ ಹಸುವನ್ನು ದಿನಕ್ಕೆರಡು ಲೀಟರು ಹಾಲಿಗೆ ಸಾಕಿಕೊಂಡಿರುವ ಮನೆಗೆ ಆ ಹಣದ ಸಣ್ಣ ಪಾಲೂ ತಲುಪುವುದಿಲ್ಲ. ಹಾಲುಹಲ್ಲಿನ ಕರು ಹಸು ಸಾಕಿದವನ ಮನೆಯಂಗಳದಲ್ಲೇ ಅಗ್ಗಕ್ಕೆ ಕೈಬಿಟ್ಟು, ಎರಡು ಹಲ್ಲು ಬಂದ ಮೇಲೆ ಬೇರೆಯವರ ಕೈಯಲ್ಲಿ ಜಾತ್ರೆ ಸೇರುತ್ತದೆ. ಒಳ್ಳೆಯ ಹಳ್ಳಿಕಾರ್ ಹಸು, ಅದರ ಕಾಲಡಿಯ ಕರುವಿನೊಡನೆ, ಹಲ್ಲಿನ ವರ್ಗಗಳ ಜೊತೆಗೆ ಇನ್ನೊಂದು ವರ್ಗವಾಗಿ ಪ್ರತಿ ದೊಡ್ಡ ಜಾತ್ರೆಯ ಬಹುಮಾನದ ಪಟ್ಟಿಗೆ ಸೇರಬೇಕು. ಆ ಬಹುಮಾನ ಎತ್ತಿನ ಬಹುಮಾನಕ್ಕಿಂತ ದೊಡ್ಡದಿರಬೇಕು.